"ತೊಂದರೆ ಏನೂ ಇಲ್ಲ ಸಾರ್" ಎಂದವನಿಗೊಂದು ಮನೆ

ಮಾನ್ಯ ನಿವೃತ್ತ ಸೈನಿಕರ ವಸತಿ ಅಧಿಕಾರಿಗಳೇ,

ನನ್ನ ಅಣ್ಣ ಮನೋವೈದ್ಯರ ಬಳಿ ಹೋಗುತ್ತಾನೆ ಎಂಬುದನ್ನು ಈ ಪತ್ರದಲ್ಲಿ ಬರೆಯದೇ ಬಿಡುವವಳಿದ್ದೆ. ಕರಡು ಓದಿದ ಅವನೇ, "ಅದನ್ಯಾಕೆ ಬಿಟ್ಟೆ? ಮಂಡಿ ನೋವಾಗಿದ್ರೆ ಬರೀತಿದ್ದೆ ತಾನೇ?" ಎಂದ. ಮರ್ಯಾದೆಗೆ ಅಂಜಿದವಳು ನಾನೇ ಎಂದು ಆಗ ಗೊತ್ತಾಯಿತು.

ವಿಷಯ ಇಷ್ಟು: ಅಣ್ಣನಿಗೆ ಮನೆ ಕೊಡಲಾಗದು ಎಂದು ನಿಮ್ಮ ಕಚೇರಿ ತಿಳಿಸಿದೆ. ಕಾರಣ, 'ಅರ್ಜಿದಾರರು ನೆಮ್ಮದಿಯಾಗಿದ್ದಾರೆ.' ಸೈನ್ಯ ಬಿಟ್ಟ ಮೇಲೆ ಗೆಳೆಯನ ಗ್ಯಾರೇಜಿನಲ್ಲಿ, ಆಮೇಲೆ ಕಾವಲಿಗಿದ್ದ ಗೋದಾಮಿನಲ್ಲಿ ಮಲಗಿದ ಈ ನೆಮ್ಮದಿಯ ಮನುಷ್ಯ ಈಗ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿದ್ದಾನೆ. ಮಿಕ್ಸಿ ಸದ್ದಿಗೆ ಬೆಚ್ಚಿಬೀಳುತ್ತಾನೆ. ಹಾಗಾಗಿ ನಾನು "ಹಾಕ್ತಿದೀನಿ" ಎಂದು ಕೂಗುತ್ತೇನೆ, ಅವನು "ಹಾಕು" ಎಂದು ಅಪ್ಪಣೆ ಕೊಡುತ್ತಾನೆ, ಇಬ್ಬರೂ ನಗುತ್ತೇವೆ. ಆದರೆ ತನ್ನದೇ ಬಾಗಿಲು, ತನ್ನದೇ ಚಿಲಕ ಸಿಗದೆ ನಿದ್ದೆ ನೆಟ್ಟಗಾಗದು, ಮಾತ್ರೆಯಿಂದ ಅರ್ಧ ಕೆಲಸವಷ್ಟೇ ಎಂದಿದ್ದಾರೆ ವೈದ್ಯರು. ಮನೆ ಮಾಲೀಕರೋ, ತಿಂಗಳ ಕೊನೆಯೊಳಗೆ 'ನಿಮ್ಮ ಅತಿಥಿ'ಯನ್ನು ಕಳಿಸಿ ಎಂದಿದ್ದಾರೆ.

ಆ ನೆಮ್ಮದಿ ನಿಮಗೆ ಕಂಡದ್ದು ಹೀಗೆ: ನಿಮ್ಮ ಕಚೇರಿಯಿಂದ 'ಇನ್ಸ್‌ಪೆಕ್ಷನ್'ಗೆ ಬರುತ್ತಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಣ್ಣ ಗಡ್ಡ ಬೋಳಿಸಿ, ಹಾಸಿಗೆಯನ್ನು ಸುಕ್ಕಿಲ್ಲದಂತೆ ಬಿಗಿದು, ಶೂ ಮಿರಮಿರ ಮಿಂಚಿಸಿ, ನನ್ನ ಮಗಳ ಪುಸ್ತಕಗಳನ್ನೂ ಎತ್ತರದ ಪ್ರಕಾರ ನಿಲ್ಲಿಸಿ, ಹಾಲ್ ಮಧ್ಯೆ ಸೆಟೆದು ನಿಂತ.

"ಏನಾದ್ರೂ ತೊಂದರೆ ಇದೆಯಾ?" ಎಂದರು ನಿಮ್ಮವರು.

"ಏನೂ ಇಲ್ಲ ಸಾರ್."

"ನಿದ್ದೆ?"

"ಚೆನ್ನಾಗಿದೆ ಸಾರ್."

ಅವರು ಮೆಚ್ಚಿ, ಸಹಿ ಹಾಕಿ ಹೋದರು.

"ಏನಣ್ಣಾ ಇದು?" ಎಂದೆ.

"ಇನ್ಸ್‌ಪೆಕ್ಷನ್‌ಗೆ ಬಂದವರ ಹತ್ರ ದೂರು ಹೇಳ್ತಾರೇನೇ? ಒಬ್ಬ ಬಾಯಿ ಬಿಟ್ರೆ ಇಡೀ ತುಕಡಿಗೆ ಶಿಕ್ಷೆ."

"ಇಲ್ಲಿ ತುಕಡಿ ಅಂದ್ರೆ ನಾನು, ನನ್ನ ಮಗಳು ಅಷ್ಟೇ."

"ಅದಕ್ಕೇ ಹೇಳ್ಲಿಲ್ಲ."

ಸೈನ್ಯ ಕಲಿಸಿದ ಪಾಠವನ್ನೇ ಅವನು ನಿಮಗೆ ಒಪ್ಪಿಸಿದ. ಪೂರ್ತಿ ಅಂಕ ಕೊಟ್ಟಿರಿ, ಮನೆ ಮಾತ್ರ ಕೊಡಲಿಲ್ಲ. ಬಂದವರು ಕಂಡದ್ದನ್ನೇ ಬರೆದರು, ನಿಜ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆನೇನೋ. ಆದರೆ ಹಾಸಿಗೆಯ ಸುಕ್ಕು ನೋಡಿ ಮನಸ್ಸಿನ ಆರೋಗ್ಯ ಅಳೆಯುವುದಾದರೆ, ಸ್ವಾಮಿ, ನಮ್ಮಲ್ಲಿ ತುರ್ತು ಚಿಕಿತ್ಸೆ ಬೇಕಾದವಳು ನನ್ನ ಮಗಳು.

ಆ ತೀರ್ಮಾನವನ್ನು ಹಿಂತೆಗೆದುಕೊಳ್ಳಿ. ಇನ್ನೊಮ್ಮೆ ಯಾರನ್ನಾದರೂ ಕಳಿಸಿ. ಮೊದಲೇ ತಿಳಿಸಬೇಡಿ, ಫೈಲು ಹಿಡಿದು ಬರುವುದು ಬೇಡ. ಬಂದವರು ಕೂತು ಟೀ ಕುಡಿಯಲಿ, ಅವನನ್ನೂ ಕೂರಿಸಲಿ. ವೈದ್ಯರನ್ನೂ ಒಂದು ಮಾತು ಕೇಳಿ. ತಿಂಗಳು ಮುಗಿಯುವುದರೊಳಗೆ ಅವನ ಕೈಗೊಂದು ಬೀಗದ ಕೈ ಕೊಡಿ.

ಇಂತಿ,
ಅಣ್ಣನನ್ನು ಮನೆಯಿಂದ ಕಳಿಸಲು ಇಷ್ಟೆಲ್ಲ ಹಾತೊರೆಯುತ್ತಿರುವ ತಂಗಿ

ತಾ.ಕ.: ಈ ಪತ್ರ ಹಾಕಲು ಅಂಚೆ ಡಬ್ಬಿಯವರೆಗೆ ಅಣ್ಣನೂ ಬರುತ್ತಾನಂತೆ. ಹಾಕುವುದು ಸೋಮವಾರ, ಜೂನ್ ಹತ್ತರಂದು.