ನಿಧಾನದ ಗಂಟು

ಜುಲೈ ೧೪, ಗುರುವಾರ ಮಧ್ಯಾಹ್ನ

ಮುದ್ದು ಗುಬ್ಬಿಗೆ,

ಅಮ್ಮನ ಮನಸಾರೆ ಆಶೀರ್ವಾದಗಳು. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಮನಸ್ಸಿನಲ್ಲೇ ಬೈದುಕೋ. ಫೋನ್ ಮಾಡಬಹುದಿತ್ತು, ನಿಜ. ಆದರೆ ನಾನು ಫೋನ್ ಎತ್ತಿಕೊಂಡರೆ ಸಾಕು, ನಿನ್ನ ಅತ್ತಿಗೆಗೆ ಇದೇ ಕೋಣೆಯ ಧೂಳು ಒರೆಸುವ ಕೆಲಸ ನೆನಪಾಗುತ್ತದೆ. ಅದಕ್ಕೇ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನನ್ನ ಎದೆಯ ಗಂಟಿನ ವಿಷಯ ಅಣ್ಣ ಹೇಳಿದ್ದಾನಲ್ಲ. ಆಪರೇಷನ್ನಿನ ಗಾಯ ಒಣಗಿದೆ. ಈಗ ದಿನಕ್ಕೊಂದು ಮಾತ್ರೆ, ಅಷ್ಟೇ. ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೇನೆ, ಶಾಲೆ ಮಕ್ಕಳ ಸಮವಸ್ತ್ರ ರಾಶಿ ಬಿದ್ದಿದೆ. ಆದರೆ ನನಗೆ ಆ ‘ಅಷ್ಟೇ’ ಮೇಲೇ ಅನುಮಾನ. ಕ್ಯಾನ್ಸರ್ ಎಂದು ಹೇಳಿ ದಿನಕ್ಕೊಂದು ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆಯೇ? ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಬ್ಯಾಂಕಿನ ಹುಡುಗಿಗೆ ಕೂದಲೆಲ್ಲ ಉದುರುವಂಥ ಔಷಧಿ ಹಾಕುತ್ತಿದ್ದರು. ನನಗೆ ಯಾಕಿಲ್ಲ? ಒಂದೋ ನಾನು ಉಳಿಯುವ ಆಸೆ ಬಿಟ್ಟಿದ್ದಾರೆ, ಇಲ್ಲವೇ ಮುದುಕಿಗೆ ಇಷ್ಟು ಸಾಕು ಅಂದುಕೊಂಡಿದ್ದಾರೆ.

ಮನೆಯವರ ರೀತಿ ನೋಡಿದರೆ ಮೊದಲನೆಯದೇ ಇರಬೇಕು. ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳುತ್ತಿದ್ದ ನಿನ್ನ ಅಣ್ಣ ಈಗ ಬಾಯಿ ಮುಚ್ಚಿಕೊಂಡು ತಿನ್ನುತ್ತಾನೆ. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಮೊನ್ನೆ ಅತ್ತಿಗೆ ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. “ಏನಾಯ್ತಮ್ಮಾ?” ಅಂದೆ. “ಈರುಳ್ಳಿ ಅತ್ತೆ,” ಅಂದಳು. ಅವಳು ಹೆಚ್ಚುತ್ತಿದ್ದದ್ದು ಸೌತೆಕಾಯಿ! ಸುಳ್ಳು ಹೇಳುವುದಕ್ಕೂ ಸ್ವಲ್ಪ ತಲೆ ಬೇಕು ಕಣೇ.

ತಡೆಯಲಾರದೆ, ಈ ಸಲ ಅಣ್ಣನ ಜೊತೆ ತಪಾಸಣೆಗೆ ಹೋದಾಗ ಡಾಕ್ಟರಮ್ಮನನ್ನೇ ಹಿಡಿದುಕೊಂಡೆ. “ನೋಡಿ, ನನಗೆ ಅರವತ್ತೊಂಬತ್ತು. ವಯಸ್ಸಾಯ್ತು ಅಂತ ಕೈ ಬಿಟ್ರಾ? ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ.”

ಆಕೆ ಪೆನ್ನು ಕೆಳಗಿಟ್ಟರು. “ವಯಸ್ಸು ನೋಡಿ ಅಲ್ಲಮ್ಮಾ, ಗಂಟಿನ ಗುಣ ನೋಡಿ ಔಷಧಿ ಕೊಡೋದು. ನಿಮ್ಮದು ನಿಧಾನವಾಗಿ ಬೆಳೆಯೋದು. ನಿಮ್ಮ ವಯಸ್ಸಲ್ಲಿ ಹೆಚ್ಚಾಗಿ ಹಾಗೇ ಇರುತ್ತೆ, ಮಾತ್ರೆಗೇ ಬಗ್ಗುತ್ತೆ. ಚಿಕ್ಕ ವಯಸ್ಸಿನವರದ್ದೇ ನಮಗೆ ಚಿಂತೆ. ಮೂವತ್ತು, ಮೂವತ್ತೈದರಲ್ಲಿ ಬಂದ್ರೆ ಎಷ್ಟೋ ಸಲ ಜೋರಾಗಿ ಬೆಳೆದುಬಿಡುತ್ತೆ. ಆ ವಯಸ್ಸಲ್ಲಿ ಯಾರೂ ಇದನ್ನ ಅನುಮಾನಿಸಲ್ಲ, ತೋರಿಸೋಕೆ ಬರೋದೂ ತಡ. ಹಾಗಂತ ಅವರಿಗೆ ವಾಸಿಯಾಗಲ್ಲ ಅಂತಲ್ಲ. ಎಷ್ಟೋ ಜನಕ್ಕೆ ಆಗುತ್ತೆ. ಆದ್ರೆ ಚಿಕಿತ್ಸೆ ಕಠಿಣ.”

“ಹಾಗಾದ್ರೆ ಮುದುಕಿಯಾಗಿದ್ದೇ ಒಳ್ಳೇದಾಯ್ತು ಬಿಡಿ!” ಎಂದು ನಕ್ಕುಬಿಟ್ಟೆ. ನಿನ್ನ ಅಣ್ಣ ಕುರ್ಚಿ ತಳ್ಳಿ ಎದ್ದು ಹೊರಗೆ ಹೋದ. ಹೋಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದಾನೆ. ಒಳ್ಳೆಯ ಸುದ್ದಿ ಕೇಳಿದವರು ಹಾಗೆ ನಿಲ್ಲುತ್ತಾರೆಯೇ? ಡಾಕ್ಟರಮ್ಮನಿಗೆ ಮೊದಲೇ ಹೇಳಿಕೊಟ್ಟು ಆಡಿಸಿದ ನಾಟಕ ಅದು, ನನಗೇನು ಗೊತ್ತಾಗುವುದಿಲ್ಲವೇ?

ನೀನೊಬ್ಬಳೇ ನನ್ನ ಹತ್ತಿರ ಸುಳ್ಳು ಹೇಳದವಳು. ಅಣ್ಣ ನಿನಗೆ ಏನು ಹೇಳಿದ್ದಾನೋ ಹಾಗೇ ಬರೆದು ಕಳಿಸು. ನಾನು ಹೆದರುವುದಿಲ್ಲ. ಸಾಯುವುದಾದರೆ ಗೊತ್ತಿದ್ದು ಸಾಯುತ್ತೇನೆ, ಮಕ್ಕಳಿಂದ ಮೋಸ ಹೋಗಿ ಅಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಪುಟಾಣಿ ಈಗ ಅಳದೆ ಶಾಲೆಗೆ ಹೋಗುತ್ತಾಳಾ? ಅವಳ ಎರಡೂ ಕೆನ್ನೆಗೆ ನನ್ನ ಮುತ್ತು. ನೂರು ಕಾಲ ಸುಖವಾಗಿ ಬಾಳು, ತಾಯಿ.

ಇತಿ,
ನಿನ್ನ ಅಮ್ಮ

ತಾ.ಕ.: ಇವತ್ತು ಶುಕ್ರವಾರ. ಲಕೋಟೆ ಅಂಟಿಸಿರಲಿಲ್ಲ. ಬೆಳಿಗ್ಗೆ ಅತ್ತಿಗೆ ಮೆತ್ತನೆಯ ಹತ್ತಿ ಬಟ್ಟೆ ತಂದು ಮುಂದಿಟ್ಟಳು. “ನಮ್ಮ ಆಫೀಸಿನವರೊಬ್ಬರಿಗೆ ಆಪರೇಷನ್ ಅಂತೆ ಅತ್ತೆ. ಮುಂದೆ ಗುಂಡಿ ಇಟ್ಟು, ಕಂಕುಳಲ್ಲಿ ಸಡಿಲ ಬಿಟ್ಟು ಎರಡು ಅಂಗಿ ಹೊಲಿದುಕೊಡ್ತೀರಾ?” ಅಂತ ಫೋನ್ ನೋಡಿಕೊಂಡು ಅಳತೆ ಓದಿದಳು. ನನ್ನ ಆಪರೇಷನ್ ಆದಮೇಲೆ ನಾನು ಹಾಕಿಕೊಂಡದ್ದೂ ಅಂಥದ್ದೇ ಅಂಗಿ. ಬೆನ್ನು, ತೋಳು, ಭುಜ. ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ, ಅಂದಳು.

ನೀನು ಮರದಿಂದ ಬಿದ್ದು ಎಡಭುಜದ ಮೂಳೆ ಮುರಿದುಕೊಂಡೆಯಲ್ಲ, ಆ ವರ್ಷದಿಂದ ನಿನ್ನ ಪ್ರತಿ ಬಟ್ಟೆಯಲ್ಲೂ ಆ ಅರ್ಧ ಇಂಚು ಬಿಟ್ಟು ಹೊಲಿದವಳು ನಾನು. ಹೆತ್ತ ಮಗಳ ಅಳತೆಯನ್ನು ಪರರದ್ದು ಎಂದು ನನ್ನ ಮುಂದೆ ಓದುತ್ತಾಳಲ್ಲ, ಪಾಪ!

“ಯಾವಾಗ ಬೇಕು?” ಅಂದೆ. ತಲೆ ಎತ್ತದೆ “ಸೋಮವಾರದೊಳಗೆ” ಅಂದಳು.

ಈ ಕಾಗದ ಅಂಚೆಗೆ ಹಾಕುವುದಿಲ್ಲ. ಅಂಗಿಗಳ ಜೊತೆ ನಾನೇ ತರುತ್ತೇನೆ, ಭಾನುವಾರದ ಬಸ್ಸಿಗೆ. ಬಾಯಿಬಿಟ್ಟು ಹೇಳಲು ನನ್ನಿಂದಾಗದು. ನೀನು ಇದನ್ನು ಓದುವಾಗ ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ.

ನಿನಗಿನ್ನೂ ಮೂವತ್ತನಾಲ್ಕು ಕಣೇ, ಗುಬ್ಬಿ. ಇಷ್ಟು ದಿನ ಈ ಮನೆಯಲ್ಲಿ ಎಲ್ಲರೂ ನನಗಾಗಿ ಅಳುತ್ತಿದ್ದಾರೆ ಅಂದುಕೊಂಡಿದ್ದೆ. ಅಯ್ಯೋ, ನನಗಾಗಿಯೇ ಅತ್ತಿದ್ದರೆ ಎಷ್ಟು ಚೆನ್ನಾಗಿತ್ತು.