ನಿನಗೆ ಕೊಟ್ಟ ನನ್ನ ತಪ್ಪು

ಪ್ರೀತಿಯ ಗಡಿಬಿಡಿಗೆ,

ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೀಯಲ್ಲ, ಅದಕ್ಕೇ ಈ ಕಾಗದ. ನಿನ್ನೆ ಸಂಜೆಯಿಂದ ಹದಿನಾರು ಸಲ ಮಾಡಿದೆ. "ನೀನು ಮಾತಾಡಿದ್ರೆ ನಾನು ಕರಗಿಬಿಡ್ತೀನಿ ಅಣ್ಣಾ, ಅದಕ್ಕೇ ಎತ್ತಲ್ಲ. ಸೋಮವಾರ ಬೆಳಿಗ್ಗೆ ಮೇಡಂ ಹತ್ರ ಹೋಗಿ ಎಲ್ಲಾ ಹೇಳಿಬಿಡ್ತೀನಿ" ಎಂದು ಅಳುತ್ತಾ ಫೋನ್ ಇಟ್ಟವಳು ನೀನು. ಮನೆಗೆ ಬಂದರೂ ನೀನು ಎದುರಿಗೆ ಬರುವುದಿಲ್ಲ, ಅದಕ್ಕೆ ನಾಳೆ ಇದನ್ನು ಅಮ್ಮನ ಕೈಗೆ ಕೊಟ್ಟು, ನಿನ್ನ ಆಫೀಸಿನ ಬ್ಯಾಗಿನೊಳಗೆ ಇಡು ಎಂದು ಹೇಳಿ ಬರುತ್ತೇನೆ. ಹುಟ್ಟುವಾಗಲೇ ಮೂರು ವಾರ ಮುಂಚೆ ಬಂದು ಮನೆಯವರನ್ನೆಲ್ಲ ಓಡಾಡಿಸಿದವಳು ನೀನು, ಅದಕ್ಕೇ ಈ ಹೆಸರು ಬಿತ್ತು. ಈ ಒಂದು ಸಲ, ಒಂದೇ ಒಂದು ಸಲ ಗಡಿಬಿಡಿ ಮಾಡಬೇಡ ಕಣೇ. ಕೈ ಮುಗಿಯುತ್ತೇನೆ.

ಈಗ ಕೂತಿರುವುದು ಗ್ರಂಥಾಲಯದಲ್ಲಿ. ಶನಿವಾರ ಮಧ್ಯಾಹ್ನ. ಈ ಓದುವ ಕೋಣೆಯಲ್ಲಿ ಪುಸ್ತಕ ಓದುವವರು ಇಬ್ಬರೋ ಮೂವರೋ, ಉಳಿದವರೆಲ್ಲ ನನ್ನಂಥವರೇ. ಲ್ಯಾಪ್‌ಟಾಪಿಗೆ ಕಾಣುವಷ್ಟು ಭಾಗಕ್ಕೆ ಇಸ್ತ್ರಿ ಮಾಡಿದ ಶರ್ಟು, ಮೇಜಿನ ಕೆಳಗೆ ಸವೆದ ಚಪ್ಪಲಿ. ಮೆಟ್ಟಿಲ ತಿರುವಿನಲ್ಲಿ ಒಬ್ಬರು ದಿನಾ ಗೋಡೆಗೆ ಮುಖ ಮಾಡಿ ನಿಂತು, "ನನ್ನ ಬಗ್ಗೆ ಎರಡು ಮಾತು ಹೇಳಬೇಕು ಅಂದರೆ..." ಎಂದು ಶುರುಮಾಡುತ್ತಾರೆ. ಒಂದು ಕಾಲಕ್ಕೆ ಅರವತ್ತು ಜನರಿಗೆ ಮ್ಯಾನೇಜರ್ ಆಗಿದ್ದವರಂತೆ. ನಾವೆಲ್ಲ ಅವರನ್ನು ಮೆಟ್ಟಿಲ ಸಾಹೇಬರು ಅನ್ನುತ್ತೇವೆ. ಐದು ತಿಂಗಳಾಯಿತು, ಗೋಡೆ ಇನ್ನೂ ಅವರನ್ನು ಆರಿಸಿಲ್ಲ. ಮೊದಲೆಲ್ಲ ಅವರನ್ನು ನೋಡಿ ನಗು ಬರುತ್ತಿತ್ತು. ಈಗ ಅವರು ಮೆಟ್ಟಿಲಲ್ಲಿ ಇಲ್ಲದ ದಿನ ಎರಡು ಮೂರು ಸಲ ಎದ್ದು ಹೋಗಿ ನೋಡಿ ಬರುತ್ತೇನೆ.

ನನಗೆ ಕೆಲಸ ಹೋಗಿ ಹದಿನಾಲ್ಕು ತಿಂಗಳು. ನಿನಗೆ ಗೊತ್ತು, ಆದರೆ ಪೂರ್ತಿ ಗೊತ್ತಿಲ್ಲ. ನೀನು ಕೇಳಿದಾಗಲೆಲ್ಲ "ನಡೀತಿದೆ, ಎರಡು ಕಡೆ ಮಾತುಕತೆ ಇದೆ" ಎಂದು ಬೊಗಳೆ ಬಿಟ್ಟಿದ್ದೇನೆ. ಇನ್ನೂರ ಎಂಬತ್ತು ಕಡೆ ಅರ್ಜಿ ಹಾಕಿದ್ದೇನೆ ಕಣೇ. ಮುಕ್ಕಾಲು ಪಾಲು ಅರ್ಜಿಗಳನ್ನು ಮನುಷ್ಯರು ನೋಡುವುದೇ ಇಲ್ಲ, ಯಂತ್ರ ಓದಿ ಯಂತ್ರವೇ ವಿಷಾದಿಸುತ್ತದೆ. ಒಂದು ಕಡೆಯಿಂದ ನಾಲ್ಕೇ ನಿಮಿಷಕ್ಕೆ ವಿಷಾದ ಬಂತು. ಇನ್ನು ಕೆಲವು ಕಡೆ ಇಂಟರ್‌ವ್ಯೂನಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ನನ್ನ ಮುಖ ನಾನೇ ನೋಡಿಕೊಂಡು ನಗುನಗುತ್ತಾ ಉತ್ತರ ಹೇಳಬೇಕು. ಸಾಫ್ಟ್‌ವೇರ್ ಸರಿ ಇದೆಯಾ ಎಂದು ನೋಡಲು ನಾವು ವಾರಗಟ್ಟಲೆ ಕೂತು ಬರೆಯುತ್ತಿದ್ದ ಪರೀಕ್ಷೆಗಳನ್ನು ಎಐ ಒಂದು ಲೋಟ ಟೀ ಆರುವಷ್ಟರಲ್ಲಿ ಬರೆದು ಕೊಡುತ್ತದೆ, ಅದೂ ಅಚ್ಚುಕಟ್ಟಾಗಿ. ಹಾಳಾದ್ದು ಕಾಗುಣಿತವನ್ನೂ ತಪ್ಪುವುದಿಲ್ಲ. ಹೋದ ತಿಂಗಳು ಒಬ್ಬರು ಫೋನಿನಲ್ಲಿ ನೇರವಾಗಿಯೇ ಕೇಳಿದರು: "ಅದು ಮಾಡೋದನ್ನ ಬಿಟ್ಟು ನೀವು ಇನ್ನೇನು ಮಾಡ್ತೀರ?" ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಒಂದೇ ಒಂದು ಉತ್ತರ. ಅದನ್ನು ಎರಡು ವರ್ಷದ ಹಿಂದೆಯೇ ನಿನಗೆ ಕೊಟ್ಟುಬಿಟ್ಟಿದ್ದೆ.

ಬೇಸರ ಮಾಡಿಕೊಳ್ಳಬೇಡ, ಕೊಟ್ಟದ್ದನ್ನು ಎತ್ತಿ ಆಡುತ್ತಿಲ್ಲ. ಮತ್ತೆ ಒಂದು ಸಲ ಅದನ್ನು ನನ್ನ ಬಾಯಲ್ಲಿ ಹೇಳಿಕೊಳ್ಳಬೇಕು ಅನ್ನಿಸುತ್ತಿದೆ, ಅಷ್ಟೇ.

ನಾನು ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ ಅದು. ಒಂದು ಆಸ್ಪತ್ರೆಯವರಿಗೆ, ರೋಗಿಗಳ ಫೋನಿಗೆ ಸಂದೇಶ ಕಳಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಜನರ ಕೈಗೆ ಹೋಗುವ ಮೊದಲು ಅದರ ಹುಳುಕು ಹುಡುಕುವುದು ನನ್ನ ಕೆಲಸ. ನಮ್ಮ ಆಫೀಸಿನದೇ ಹತ್ತು ಜನರ ಪಟ್ಟಿಗೆ ಸಂದೇಶ ಕಳಿಸಿ ನೋಡಬೇಕಿತ್ತು. ಮನೆಗೆ ಹೋಗುವ ಅವಸರದಲ್ಲಿ ನಾನು ಒತ್ತಿದ್ದು ಆಸ್ಪತ್ರೆಯ ನಿಜವಾದ ಪಟ್ಟಿಯನ್ನು. "ನಿಮ್ಮ ವರದಿ ಬಂದಿದೆ, ಕೂಡಲೇ ವೈದ್ಯರನ್ನು ಕಾಣಿ." ನಾಲ್ಕು ಸಾವಿರದ ಇನ್ನೂರ ಹದಿನಾರು ಜನರಿಗೆ ಹೋಯಿತು. ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಮುಂದೆ ಜನವೋ ಜನ. ಯಾರೂ ಕೂಗಾಡುತ್ತಿರಲಿಲ್ಲ. ಎಲ್ಲರೂ ಫೋನನ್ನು ಎದೆಗೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಆಫೀಸಿನವರು ಇನ್ನೊಂದು ಸಂದೇಶ ಕಳಿಸಿ ಕೈತೊಳೆದುಕೊಂಡರು. ನಾನು ಮೂರು ದಿನ ಆ ಗೇಟಿನಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿದೆ, ಆ ಸಂದೇಶ ತಪ್ಪು, ಕಳಿಸಿದ್ದು ನಾನೇ ಅಂತ.

ಅವರಲ್ಲಿ ಆ ದರ್ಜಿ. ಅರವತ್ತೈದರ ಆಸುಪಾಸು, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯುವುದಕ್ಕೂ ಮರೆತು ಬಂದಿದ್ದರು. ಬರುವ ಮೊದಲು ತಮ್ಮ ಕತ್ತರಿಯನ್ನು ಪಕ್ಕದ ಅಂಗಡಿಯವನಿಗೆ ಕೊಟ್ಟು, "ಇಟ್ಕೊಳಪ್ಪ, ನಂಗಿನ್ನು ಬೇಕಾಗಲ್ಲ" ಎಂದು ಹೇಳಿ ಬಂದಿದ್ದರಂತೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಬಾಯಲ್ಲಿ ಹೇಳಿದ್ರೆ ನಾನು ನಂಬಲ್ಲ. ಬರ್ದು ಕೊಡಿ" ಅಂದರು. ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ: "ಆ ಸಂದೇಶ ನಿಮಗೆ ಬಂದದ್ದಲ್ಲ. ತಪ್ಪು ನನ್ನದು." ಕೆಳಗೆ ಸಹಿ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿ, ಮೇಲಿಂದ ಎರಡು ಸಲ ತಟ್ಟಿಕೊಂಡು, ಕತ್ತರಿ ವಾಪಸ್ ಇಸಿದುಕೊಳ್ಳಬೇಕು ಎಂದು ಬಸ್ಸಿಗೆ ಓಡಿದರು. ಅವತ್ತಿನಿಂದ ಏನನ್ನೇ ಕಳಿಸುವ ಮೊದಲು ಎಷ್ಟು ಜನಕ್ಕೆ ಹೋಗುತ್ತಿದೆ ಎಂಬುದನ್ನು ಮೂರು ಸಲ ಗಟ್ಟಿಯಾಗಿ ಓದುವುದು ನನಗೆ ಅಭ್ಯಾಸವಾಯಿತು. ನೀನು ಅದನ್ನೇ ಹಿಡಿದುಕೊಂಡು, ನಾನು ಊಟಕ್ಕೆ ತಟ್ಟೆ ಹಾಕುವಾಗಲೂ "ನಾಲ್ಕು, ನಾಲ್ಕು, ನಾಲ್ಕು" ಎಂದು ಅಣಕಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಮಗುವನ್ನು ಎತ್ತಿಕೊಂಡು ಅಮ್ಮನ ಮನೆಗೆ ವಾಪಸ್ ಬಂದೆಯಲ್ಲ, ಆಗ ನಿನಗೆ ಕೆಲಸ ಬೇಕೇ ಬೇಕಿತ್ತು. ಆರು ವರ್ಷ ಮನೆಯಲ್ಲಿದ್ದವಳನ್ನು ಯಾರು ಕರೆಯುತ್ತಾರೆ? ಊಟದ ಮೇಜಿನ ಆಚೆ ನಾನು, ಈಚೆ ನೀನು, ನಾನೇ ಇಂಟರ್‌ವ್ಯೂ ಮಾಡುವವನು. "ನೀವು ಮಾಡಿದ ಒಂದು ದೊಡ್ಡ ತಪ್ಪು ಹೇಳಿ" ಅಂದೆ. "ಹಾಲು ಉಕ್ಕಿಸಿದ್ದು" ಅಂದೆ ನೀನು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಿನ್ನ ಕಣ್ಣಲ್ಲಿ ನೀರು ಬಂತು, ಅದು ನಗುವಿನದಲ್ಲ ಎಂದು ಗೊತ್ತಾಯಿತು. ಆಗ ನಾನು ಟೀಮ್ ಲೀಡ್, ಕಾಲು ನೆಲದ ಮೇಲಿರಲಿಲ್ಲ. "ನನ್ನ ದರ್ಜಿ ಕತೆ ಇಟ್ಕೋ, ನಿಂದೇ ಅಂತ ಹೇಳು. ನಂಗೆ ಇನ್ನೆಲ್ಲಿ ಬೇಕು ಅದು" ಅಂದೆ. ನೀನು ಬೇಡ ಎಂದರೂ ಬಿಡದೆ ಬಾಯಿಪಾಠ ಮಾಡಿಸಿದೆ. ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದೆ, ನೆನಪಿದೆಯಾ? "ನಾನು ತಪ್ಪೇ ಮಾಡಿಲ್ಲ ಅಂತ ಮಾತ್ರ ಅಪ್ಪಿತಪ್ಪಿಯೂ ಹೇಳ್ಬೇಡ. ಹಾಗಂದವರನ್ನ ಯಾರೂ ತಗೊಳ್ಳಲ್ಲ."

ಹೋದ ಮಂಗಳವಾರ ನಿನ್ನ ಕಂಪನಿಯಲ್ಲಿ ನನ್ನ ಇಂಟರ್‌ವ್ಯೂ. ಅಣ್ಣ ತಂಗಿ ಎಂದು ಯಾರಿಗೂ ಗೊತ್ತಾಗಬಾರದು, ಆ ಕತೆ ಎತ್ತಲೇಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವಲ್ಲ. ನಾನು ಬೇರೊಂದು ಸಪ್ಪೆ ತಪ್ಪನ್ನು ತಯಾರು ಮಾಡಿಕೊಂಡು ಹೋಗಿದ್ದೆ. ಎದುರಿಗೆ ನಿನ್ನ ಮೇಡಂ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಮನುಷ್ಯರೊಬ್ಬರು ನನ್ನ ಮುಖ ನೋಡಿ ಮಾತಾಡಿದರು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಕೊನೆಗೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, ಹನ್ನೆರಡು ಜನರ ಪಟ್ಟಿಗೆ ಒಂದು ಸಂದೇಶ ಕಳಿಸಿ ತೋರಿಸಿ ಅಂದರು. ನಾನು, ನನ್ನ ಹಾಳು ಬಾಯಿ, "ಹನ್ನೆರಡು, ಹನ್ನೆರಡು, ಹನ್ನೆರಡು" ಅಂದೆ. ಅವರು ನಕ್ಕರು. "ಇದೇನು ಅಭ್ಯಾಸ? ಎಲ್ಲಿಂದ ಬಂತು?" ಎಂದು ಪ್ರೀತಿಯಿಂದ ಕೇಳಿದರು. ಯಾರೋ ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ. ಶುರುಮಾಡಿಬಿಟ್ಟೆ. ಗೇಟು, ಫೋನು, ದರ್ಜಿ, ಟೇಪು, ಎಲ್ಲ. ಚೀಟಿಯ ಹತ್ತಿರ ಬಂದಾಗ ಅವರ ಮುಖ ನೋಡಿದೆ, ನಗು ಇರಲಿಲ್ಲ.

"ಈ ದರ್ಜಿ ವಿಷಯ ನಮ್ಮಲ್ಲೇ ಒಬ್ಬರು ಹೇಳಿದ್ರು. ಅವರ ಸ್ವಂತ ಅನುಭವ ಅಂತ. ಇದು ನಿಮ್ಮದಾ?"

ಹೌದು ಎಂದರೆ ನೀನು ಸುಳ್ಳಿ. ಇಂಟರ್‌ವ್ಯೂನಲ್ಲಿ ಹೇಳಿದ್ದೆಲ್ಲ ನಿಜ, ಅಲ್ಲದಿದ್ದರೆ ಕೆಲಸದಿಂದ ತೆಗೆಯಬಹುದು ಎಂಬ ಕಾಗದಕ್ಕೆ ಸೇರುವ ದಿನ ನೀನು ಸಹಿ ಹಾಕಿದ್ದು ನನಗೆ ಗೊತ್ತು, ಪೆನ್ನು ಕೊಟ್ಟವನೇ ನಾನು. "ಇಲ್ಲ ಮೇಡಂ, ಎಲ್ಲೋ ನೆಟ್‌ನಲ್ಲಿ ಓದಿದ್ದು" ಅಂದೆ. ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, "ಹಾಗಾದ್ರೆ ನಿಮ್ಮದೇ ಒಂದು ತಪ್ಪು ಹೇಳಿ" ಅಂದರು. ತಯಾರು ಮಾಡಿಕೊಂಡಿದ್ದು ಬಾಯಿಗೇ ಬರಲಿಲ್ಲ. "ನನ್ನ ಕೈಲಿ ಅಂಥದ್ದೇನೂ ಆಗಿಲ್ಲ ಮೇಡಂ" ಅಂದುಬಿಟ್ಟೆ. ಹದಿನೆಂಟು ವರ್ಷ ಪಟ್ಟ ಪಾಡನ್ನೆಲ್ಲ ಒಂದು ಮಾತಲ್ಲಿ ಒರೆಸಿ ಹಾಕಿದ ಹಾಗಾಯಿತು. ಅವರು ಫೈಲು ಮುಚ್ಚಿ, ಬಂದಿದ್ದಕ್ಕೆ ಧನ್ಯವಾದ ಹೇಳಿದರು. ಹೊರಗೆ ಬಂದು ಲಿಫ್ಟ್ ಬಿಟ್ಟು ಒಂಬತ್ತು ಮಹಡಿ ಮೆಟ್ಟಿಲಲ್ಲೇ ಇಳಿದೆ. ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖ ನೋಡುವುದು ಬೇಡವಾಗಿತ್ತು.

ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಆದರೆ ನಿನ್ನೆ ಊಟದ ಹೊತ್ತಿಗೆ ಮೇಡಂ ಎಲ್ಲರ ಮುಂದೆ, "ನಿಮ್ಮ ದರ್ಜಿ ಕತೇನ ಯಾರೋ ಒಬ್ಬ ಕದ್ದು ನನಗೇ ಹೇಳೋಕೆ ಬಂದಿದ್ದ" ಎಂದು ನಿನ್ನ ಹೆಗಲು ತಟ್ಟಿ ನಕ್ಕರಂತೆ. ನೀನೂ ನಗಬೇಕಾಯಿತಂತೆ. ಅದನ್ನು ಹೇಳುವಾಗ ನಿನ್ನ ಧ್ವನಿ ಹೇಗಿತ್ತು ಎಂದು ನಿನಗೆ ಗೊತ್ತಿಲ್ಲ. "ನಿನ್ನನ್ನ ಕಳ್ಳ ಅಂದ್ರು ಅಣ್ಣಾ, ನಾನು ಪಕ್ಕದಲ್ಲೇ ಕೂತು ತಿಂತಿದ್ದೆ."

ಈಗ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಈ ಕಾಗದವೂ ಸುಳ್ಳಾಗುತ್ತದೆ. ನೀನು ಸೋಮವಾರ ಎಲ್ಲ ಹೇಳುತ್ತೇನೆ ಎಂದು ಫೋನ್ ಇಟ್ಟ ಮೇಲೆ ನಾನು ಮೊದಲು ಮಾಡಿದ್ದೇನು ಗೊತ್ತಾ? ನಿನಗೆ ವಾಪಸ್ ಫೋನ್ ಮಾಡಲಿಲ್ಲ. ಶರ್ಟಿಗೆ ಇಸ್ತ್ರಿ ಹಾಕಿದೆ. ನೀನು ಹೋಗಿ ನಿಜ ಹೇಳಿದರೆ ಮೇಡಂ ನನ್ನನ್ನು ಮತ್ತೆ ಕರೆಯಬಹುದು ಎಂದು ಲೆಕ್ಕ ಹಾಕಿದೆ. ಕಾಲರ್ ಆಯಿತು, ಒಂದು ತೋಳು ಆಯಿತು, ಇನ್ನೊಂದು ತೋಳಿಗೆ ಬರುವಾಗ ನಿನ್ನ ಮಗಳ ನೆನಪಾಯಿತು. ಆ ಮನೆಯಲ್ಲಿ ದುಡಿಯುವವಳು ನೀನೊಬ್ಬಳೇ. ಅಮ್ಮ, ಮಗು, ಎಲ್ಲ ನಿನ್ನ ಹೆಗಲ ಮೇಲೆ. ಛೀ, ನಾನೆಂಥ ಅಣ್ಣ ಅನ್ನಿಸಿ ಪ್ಲಗ್ ಕಿತ್ತುಹಾಕಿ ನೆಲದ ಮೇಲೆ ಕೂತುಬಿಟ್ಟೆ. ಆಮೇಲೇ ಹದಿನಾರು ಸಲ ಫೋನ್ ಮಾಡಿದ್ದು.

ಅದಕ್ಕೇ ಹೇಳುತ್ತಿದ್ದೇನೆ, ಹೇಳಬೇಡ. ನೀನು ಹೇಳಿದರೆ ನಿನ್ನ ಕೆಲಸ ಹೋಗುತ್ತದೆ, ನನಗಂತೂ ಬರುವುದಿಲ್ಲ. ಮನೆಯಲ್ಲಿ ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತು ಏನು ಮಾಡೋಣ? ನೀನು ಆ ಕತೆಯಿಂದ ಒಳಗೆ ಹೋಗಿರಬಹುದು, ಅಲ್ಲಿ ಉಳಿದಿರುವುದು ನಿನ್ನ ದುಡಿಮೆಯಿಂದ. ಎರಡು ವರ್ಷದಲ್ಲಿ ನಿನ್ನ ಕೈ ತಪ್ಪಿ ಒಂದು ಸಂದೇಶವೂ ಯಾರ ಎದೆಯನ್ನೂ ಒಡೆದಿಲ್ಲ. ನೀನೂ ಈಗ ಮೂರು ಸಲ ಓದುತ್ತೀಯಂತೆ, ಅಮ್ಮ ಹೇಳಿದಳು.

ನನಗೆ ಭಯವಾಗುತ್ತಿದೆ ಕಣೇ. ನಲವತ್ತನಾಲ್ಕಾಯಿತು. ಬುಧವಾರ ಇನ್ನೊಂದು ಇಂಟರ್‌ವ್ಯೂ ಇದೆ, ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ದರ್ಜಿಯ ಕತೆ ಹೇಳಬಹುದು, ಅಲ್ಲಿ ನೀನಿಲ್ಲ. ಆದರೆ ಕನ್ನಡಿ ಮುಂದೆ ನಿಂತು ಹೇಳಿ ನೋಡಿದರೆ ಕದ್ದು ತಂದ ಹಾಗೇ ಕೇಳಿಸುತ್ತದೆ, ನನಗೇ ನಂಬಿಕೆ ಬರುವುದಿಲ್ಲ. ಮಂಗಳವಾರ ಸಂಜೆ ಬರುತ್ತೇನೆ. ಊಟದ ಮೇಜಿನ ಆಚೆ ನೀನು ಕೂತು ಕೇಳು, ಈಚೆ ನಾನು ಕೂರುತ್ತೇನೆ. ಅದನ್ನು ನನಗೆ ಮತ್ತೆ ಬಾಯಿಪಾಠ ಮಾಡಿಸು.

ಸದ್ಯಕ್ಕೆ ಈ ಕಾಗದದ ಕೊನೆಯ ತುಂಡನ್ನು ಹರಿದು, ನಾಲ್ಕು ಮಡಿಕೆ ಮಾಡಿ, ಬ್ಯಾಗಿನಲ್ಲಿ ಇಟ್ಟುಕೊಂಡು ಸೋಮವಾರ ಆಫೀಸಿಗೆ ಹೋಗು. ಎಂದಿನ ಹಾಗೆ ತಡವಾಗಿ, ಎಂದಿನ ಹಾಗೆ ಓಡಿಕೊಂಡು. ಮಗು ನಿನ್ನ ನೆರಳಲ್ಲಿ ನಗುನಗುತ್ತಾ ಬೆಳೆಯಲಿ, ನಿನ್ನ ಕೈಗೆ ಯಾವತ್ತೂ ಕೆಲಸ ತಪ್ಪದಿರಲಿ.

"ಕಳ್ಳ ಎಂಬ ಆ ಮಾತು ನಿನಗೆ ಬಂದದ್ದಲ್ಲ. ತಪ್ಪು ನನ್ನದು." ಕೆಳಗೆ ನನ್ನ ಸಹಿ ಇದೆ, ನೋಡಿಕೋ.

ಆದರೆ ನನಗೂ ಇಂಥದ್ದೊಂದು ಬರೆದು ಕಳಿಸು. ಬಾಯಲ್ಲಿ ಹೇಳಿದರೆ ನಾನು ನಂಬುವುದಿಲ್ಲ.

ನಿನ್ನ ಅಣ್ಣ