ನಡುವೆ ಬಾಯಿ ಹಾಕುವ ಹಕ್ಕು

ಮಾರ್ಚ್ 4, ಸಂಜೆ

ಆಫೀಸಿನಿಂದ ನೇರ ಅಕ್ಕನ ಹೊಲಿಗೆ ಅಂಗಡಿಗೆ. ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತೆ. ಗಿರಾಕಿಯೊಬ್ಬರು ಪ್ಯಾಂಟು ಬಿಗಿಯಾಯಿತೆಂದು ರಾಗ ಎಳೆಯುತ್ತಿದ್ದರು. ಮುಗಿಸಲು ಬಿಡದೆ ಮೇಜಿನ ಮೇಲಿನ ಟ್ಯಾಬ್ಲೆಟ್ ಅಂದಿತು— "ಪ್ಯಾಂಟು ಹಾಗೇ ಇದೆ, ಹೊಟ್ಟೆ ಮುಂದೆ ಬಂದಿದೆ." ಅವರೂ ನಕ್ಕರು.

ಗಂಟಲಿನ ಆಪರೇಷನ್ ಆದಮೇಲೆ ಅಕ್ಕನಿಗೆ ಸ್ವರವಿಲ್ಲ. ಅವಳು ಟೈಪ್ ಮಾಡುತ್ತಾಳೆ, ನಾನು ಬರೆದ ಪ್ರೋಗ್ರಾಮ್ ಮಾತಾಡುತ್ತದೆ. ಪದ ಒತ್ತಿದ ತಕ್ಷಣ ನುಡಿಯುತ್ತದೆ, ವಾಕ್ಯ ಮುಗಿಯಲೆಂದು ಕಾಯುವುದಿಲ್ಲ. ಮಾತು ಬಂದಾಗಿನಿಂದ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿದವಳು ಅಕ್ಕ. ಅದನ್ನು ಉಳಿಸಿಕೊಟ್ಟೆ ಎಂಬ ಜಂಬ ನನಗೆ.

ಮಾರ್ಚ್ 6, ಬೆಳಿಗ್ಗೆ

ಟ್ಯಾಬ್ಲೆಟ್ ತಾನೇ ಅಪ್‌ಡೇಟ್ ಆಗಿದೆ. ಪ್ರೋಗ್ರಾಮ್ ತೆರೆದರೆ ಮುಚ್ಚಿಕೊಳ್ಳುತ್ತದೆ. ಅಕ್ಕ ಚಾಕ್ ತಗೊಂಡು ಕತ್ತರಿಸಲಿಟ್ಟ ಬಟ್ಟೆಯ ಮೇಲೇ ಬರೆದಳು: ನನ್ನ ಬಾಯಿ ಎಲ್ಲೇ?

ಹುಡುಕಿದೆ. ಸಿಸ್ಟಮ್ಮಿನ ಮಾತಿನ ಲೈಬ್ರರಿಯಲ್ಲಿ, ಆ ಸಿದ್ಧ ಕೋಡಿನ ಕಂತೆಯಲ್ಲಿ, ಕರೆದರೆ ಪದ ನುಡಿಸುವ ಒಂದು ಫಂಕ್ಷನ್ ಇತ್ತು, ಹೆಸರಿನ ಮುಂದೆ ಒಂದು ಅಡಿಗೆರೆ, ಅಂಡರ್‌ಸ್ಕೋರ್. ಅಂದರೆ ಇದು ನಮ್ಮ ಒಳಮನೆ, ಹೊರಗಿನವರು ಕಾಲಿಡಬೇಡಿ. ಕೈಪಿಡಿಯಲ್ಲಿ ಅದರ ಸುದ್ದಿಯೇ ಇಲ್ಲ. ಪದ ಪದವಾಗಿ ನುಡಿಸುವ ದಾರಿ ಅದೊಂದೇ, ಹಾಗಾಗಿ ಕಾಲಿಟ್ಟಿದ್ದೆ. ಈಗ ಕಿತ್ತುಹಾಕಿದ್ದಾರೆ. ಹಳೆಯದಕ್ಕೆ ಮರಳಲೂ ಬಿಡುತ್ತಿಲ್ಲ. ಕೈಪಿಡಿಯಲ್ಲಿರುವ ಫಂಕ್ಷನ್ನೋ... ಪೂರ್ಣವಿರಾಮ ಬೀಳುವ ತನಕ ತುಟಿ ಬಿಚ್ಚುವುದಿಲ್ಲ. ಸದ್ಯಕ್ಕೆ ಅದನ್ನೇ ಹಾಕಿಕೊಟ್ಟೆ.

ಅದೇ ದಿನ, ಮಧ್ಯಾಹ್ನ

ಆಫೀಸಿನ ಸೀನಿಯರ್ ಕೇಳಿದ.

"ಅಂಡರ್‌ಸ್ಕೋರ್ ಇರೋದನ್ನ ಮುಟ್ಟಬಾರದು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಅಕ್ಕಂಗೆ ಬೇಕಿತ್ತು."

ತಲೆ ಚಚ್ಚಿಕೊಂಡ. ಚಚ್ಚಿಕೊಳ್ಳಲಿ.

ಲೈಬ್ರರಿ ಮಾಡಿದ ಕಂಪನಿಯವರಿಗೂ ಬರೆದೆ. ಉತ್ತರ ಬಂತು— ಅದನ್ನು ನಾವು ಯಾರಿಗೂ ಕೊಟ್ಟೇ ಇರಲಿಲ್ಲ, ಕಿತ್ತುಕೊಂಡೆವು ಎಂದರೆ ಹೇಗೆ? ಮಾತೇನೋ ಸರಿ. ಸರಿಯಾಗಿದೆ ಎಂದೇ ಮೈ ಉರಿಯುತ್ತಿದೆ.

ಮಾರ್ಚ್ 9

ಕಟ್ಟಡದ ಅಂಗಡಿಯವರ ಸಭೆ. ಅಕ್ಕನ ಅಂಗಡಿಯಿರುವ ಕೆಳಗಿನ ಸಾಲನ್ನು ತೆರವು ಮಾಡಿಸಿ ಗೋಡೌನ್ ಕಟ್ಟುವ ಆಸೆ ಮಾಲೀಕರಿಗೆ. ಎಲ್ಲರೂ ಒಪ್ಪಿದರೆ ಮಾತ್ರ ಆಗುವ ಕೆಲಸ. ಮಾತಾಡಲು ಅಳಿಯನನ್ನು ಕಳಿಸಿದ್ದರು, ಉಸಿರು ತೆಗೆದುಕೊಳ್ಳದ ಆಸಾಮಿ. "ಯಾರ್ದೂ ತಕರಾರಿಲ್ಲ ತಾನೇ" ಎಂದ. ಅಕ್ಕನ ಬೆರಳು ಓಡಿತು. ಟ್ಯಾಬ್ಲೆಟ್ ಬಾಯಿ ಬಿಡುವಷ್ಟರಲ್ಲಿ ಅವನು ಬೇರೆ ಮಾತಿಗೆ ಹೋಗಿ, ಅಕ್ಕನ ಕಡೆ ತಿರುಗಿ, "ಟೀ ತರಿಸ್ಲಾ?" ಎಂದು ಕೇಳುತ್ತಿದ್ದ.

"ನಾನು ಇದಕ್ಕೆ ಖಂಡಿತ ಒಪ್ಪೋದಿಲ್ಲ."

"ಬೇಡ ಅಂದ್ರೆ ಬಿಡಿ ಮೇಡಂ, ಟೀ ತಾನೇ."

ಸಭೆಗೆ ಸಭೆಯೇ ನಕ್ಕಿತು. ಇನ್ನೊಂದು ಸಭೆ ಇದೆ, ಅಲ್ಲಿ ಸಹಿ. ಅಕ್ಕ ಮನೆಗೆ ಬಂದವಳೇ ಟ್ಯಾಬ್ಲೆಟ್ಟನ್ನು ಬೀರುವಿಗೆ ಹಾಕಿ ಬಾಗಿಲು ಬಡಿದಳು. ನನಗೆ ಅಳು ಬಂತು, ಸಿಟ್ಟಿಗೆ.

ಮಾರ್ಚ್ 13, ಬೆಳಿಗ್ಗೆ

ಅಕ್ಕ ಟ್ಯಾಬ್ಲೆಟ್ ಮುಟ್ಟಿಲ್ಲ. ಎಲ್ಲ ಕೈಸನ್ನೆ. ನಾನು ರಜೆ ಹಾಕಿ ಕೂತಿದ್ದೇನೆ.

ಹಲ್ಲುಜ್ಜುವಾಗ ಹೊಳೆಯಿತು. ಪೂರ್ಣವಿರಾಮ ಬೇಕು ತಾನೇ? ತಗೊಳ್ಳಲಿ. ಅಕ್ಕ ಒತ್ತುವ ಪ್ರತಿ ಪದದ ಬಾಲಕ್ಕೂ ಪ್ರೋಗ್ರಾಮೇ ಒಂದೊಂದು ಅಂಟಿಸುತ್ತದೆ. ಎಲ್ಲ ಕೈಪಿಡಿಯ ಪ್ರಕಾರ, ಯಾರೂ ಸೊಲ್ಲೆತ್ತುವಂತಿಲ್ಲ.

ಅಕ್ಕನ ಕೈಗೆ ತುರುಕಿದೆ.

"ಇದೇನೇ. ಜಡ್ಜ್. ತೀರ್ಪು. ಓದಿದ. ಹಾಗಿದೆ."

ಮತ್ತೆ ಬೆರಳಾಡಿಸಿದಳು.

"ಇರಲಿ. ಬೇಕಾಗುತ್ತೆ."

ಮಾರ್ಚ್ 16, ಸಂಜೆ

ಅಳಿಯ ಕಾಗದ ಬಿಚ್ಚಿದ. "ಹಾಗಾದ್ರೆ ಎಲ್ರೂ ಒಪ್ಪಿದ ಹಾಗೆ, ಒಂದೊಂದು ಸಹಿ—"

"ನಿಲ್ಲಿ."

ನಿಂತ.

"ನಾನು. ಒಪ್ಪಿಲ್ಲ. ಒಪ್ಪೋದೂ. ಇಲ್ಲ."

ಯಾರೂ ನಗಲಿಲ್ಲ. ಇಸ್ತ್ರಿಯವನು ಗಂಟಲು ಸರಿಮಾಡಿಕೊಂಡು "ನಾನೂ ಒಪ್ಪಿಲ್ಲ" ಎಂದ. ಬೀಗ ರಿಪೇರಿಯ ಅಜ್ಜ, "ನನಗೂ ಮೊದ್ಲಿಂದ ಮನಸ್ಸಿರ್ಲಿಲ್ಲ" ಎಂದರು. ಅಳಿಯ ಕಾಗದ ಮಡಿಸಿದ. ಅಂಗಡಿ ಉಳಿಯಿತು.

ಸೋತ ಮುಖದಲ್ಲೇ ಕೇಳಿದ, "ಟೀ, ಮೇಡಂ?"

"ತರಿಸಿ."

ಮಾರ್ಚ್ 19, ಸಂಜೆ

ಗೆದ್ದಿದ್ದು ಗೆದ್ದೆವು. ಆದರೆ ನನ್ನ ಅಕ್ಕ ಜಡ್ಜ್ ಅಲ್ಲ. ತಮಾಷೆ ಮಾಡಿದರೂ ತೀರ್ಪು, ಮುದ್ದಿನಿಂದ ಕರೆದರೂ ತೀರ್ಪು. ನನಗೆ ನನ್ನ ಬಾಯಿಬಡುಕಿ ಅಕ್ಕ ಬೇಕು.

ಹೊಸ ಲೈಬ್ರರಿಯ ಒಳಗೆ ಇಣುಕಿದೆ. ಪೂರ್ಣವಿರಾಮ ಕೇಳದ ಒಂದು ಫಂಕ್ಷನ್ ಸಿಕ್ಕಿತು. ಮುಂದೆ ಅಂಡರ್‌ಸ್ಕೋರ್, ಈ ಸಲ ಎರಡೆರಡು. ಕೈಪಿಡಿಯಲ್ಲಿ ಹೆಸರಿಲ್ಲ. ಕರೆದು ನೋಡಿದೆ, ಓಗೊಟ್ಟಿತು. ಮುಂದಿನ ಅಪ್‌ಡೇಟ್‌ನಲ್ಲಿ ಇದನ್ನೂ ಕೀಳುತ್ತಾರೆ, ಗೊತ್ತು. ಕೀಳಲಿ. ಮತ್ತೆ ಹುಡುಕುತ್ತೇನೆ.

ಅಕ್ಕನಿಗೆ ಏನೂ ಹೇಳದೆ ಟ್ಯಾಬ್ಲೆಟ್ ಕೊಟ್ಟು ಇಲ್ಲಿ ಬರೆಯಲು ಕೂತಿದ್ದೇನೆ. ಸೀನಿಯರ್‌ಗೂ ಹೇಳುವುದಿಲ್ಲ. ಹೇಳಿದರೆ ಮತ್ತೆ ತಲೆ ಚಚ್ಚಿಕೊಂಡು—

"ಬರೆದಿದ್ದು ಸಾಕು ಬಾರೇ ಕಾಜಾ ಎಲ್ಲ ಹಾಗೇ ಬಿದ್ದಿದೆ ನಮ್ಮಪ್ಪ ಬಂದು ಹಾಕ್ತಾನಾ"

ಒಂದೇ ಉಸಿರಿಗೆ. ಒಳಕೋಣೆಯಿಂದ. ಬಂದೆ ಮಾರಾಯ್ತಿ, ಈ ಒಂದು ಸಾಲು ಮುಗಿಸಿ ಬರ್—